ಓರೆಗೀಟಿನ ಆಚೆಗೆ ಅಕ್ಕ

ನಮ್ಮ ಭಾವನಿಗೆ ಬೇರೆಯವರು ಮುಟ್ಟಿದ ಯಾವ ಯಂತ್ರವೂ ಸರಿಬರುವುದಿಲ್ಲ. ಗಡಿಯಾರ ರಿಪೇರಿ ಅವರ ಕಸುಬು. ಮನೆಯ ಮಿಕ್ಸಿ, ಫ್ಯಾನು, ಪಕ್ಕದವರ ಕಾಲಿಂಗ್ ಬೆಲ್ಲು ಎಲ್ಲವನ್ನೂ ಬಿಚ್ಚಿ ಹರಡಿ, ಮತ್ತೆ ಜೋಡಿಸಿ, ಉಳಿದ ಸ್ಕ್ರೂಗಳನ್ನು ತೋರಿಸಿ "ಕಂಪನಿಯವರು ಸುಮ್ನೆ ಜಾಸ್ತಿ ಹಾಕಿರ್ತಾರೆ" ಅನ್ನುವವರು. ಅಂಗಡಿಗೊಂದು ವೆಬ್‌ಸೈಟ್ ಬೇಕೆನಿಸಿದಾಗ, ಸರ್ವರ್ ಕೆಲಸದಲ್ಲೇ ಹೊಟ್ಟೆ ಹೊರೆಯುವ ನಾದಿನಿ ನಾನೊಬ್ಬಳಿದ್ದೇನೆಂದು ಅವರಿಗೆ ನೆನಪಾಗಲೇ ಇಲ್ಲ!

ತಮ್ಮ ಹೆಸರನ್ನೂ ಅಕ್ಕನ ಹೆಸರನ್ನೂ ಬೆಸೆದು ಒಂದು ಡೊಮೇನ್ ತೆಗೆದುಕೊಂಡರು. ಮನೆಯ ಮುಂದಿನ ಕೋಣೆಯಲ್ಲಿ ಅವರ ಅಂಗಡಿ, ಪಕ್ಕದ ಕೋಣೆಯಲ್ಲಿ ಅಕ್ಕನ ಹೊಲಿಗೆ ಕ್ಲಾಸು. "ಒಂದೇ ಮನೆಗೆ ಎರಡು ವಿಳಾಸ ಯಾಕೆ?" ಎಂದು ಎರಡನ್ನೂ ಅದೇ ಹೆಸರಿನಲ್ಲಿ ಕೂರಿಸಿದರು. ಬರೀ ಹೆಸರು ಒತ್ತಿದರೆ ಗಡಿಯಾರದಂಗಡಿ. ಹೆಸರು ಒತ್ತಿ, ಸ್ಲ್ಯಾಶ್ ಅನ್ನುವ ಓರೆಗೀಟು ಹಾಕಿ, 'ಹೊಲಿಗೆ' ಎಂದೂ ಬರೆದರೆ ಅಕ್ಕನ ಕ್ಲಾಸು.

ಅಕ್ಕ ಅದನ್ನು ನೋಡಿದಳು.

"ಹೆಸರಲ್ಲಿ ನಾನು ಅರ್ಧ ಇದೀನಿ, ಬಾಗಿಲಲ್ಲಿ ಮಾತ್ರ ನೀವೊಬ್ರೇನಾ? ನನ್ನ ಹತ್ರ ಬರೋರು ಹಿತ್ತಲಿಂದ ಬರಬೇಕಾ?"

"ಇದು ಟೆಕ್ನಿಕಲ್ ವಿಷಯ, ನಿನಗೆ ಅರ್ಥ ಆಗಲ್ಲ," ಅಂದರು ಭಾವ. ಪುಣ್ಯಾತ್ಮ, ಬೇರೇನು ಬೇಕಾದರೂ ಅನ್ನಬಹುದಿತ್ತು.

ಅಕ್ಕ ಮಾತು ಬಿಟ್ಟಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಉಂಡರು, ಮಲಗಿದರು, ಎದ್ದರು. ಜಗಳ ಅವರಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು.

ಇದರ ಮೇಲೆ ಇನ್ನೊಂದು ರಗಳೆ. ಮನೆಗೆಲ್ಲ ಇರುವುದು ಒಂದೇ ಕಂಪ್ಯೂಟರ್. ಅದರಲ್ಲಿ ಅಕ್ಕ ತನ್ನ ಸೈಟಿಗೆ ಲಾಗಿನ್ ಆದರೆ ಭಾವ ತಮ್ಮದರಿಂದ ಹೊರಗೆ. ಭಾವ ಒಳಗೆ ಬಂದರೆ ಅಕ್ಕ ಹೊರಗೆ. ಇನ್ನೊಬ್ಬರು ಬೇಕಂತಲೇ ಮಾಡುತ್ತಿದ್ದಾರೆಂದು ಇಬ್ಬರಿಗೂ ಖಾತ್ರಿ. ಕೊನೆಗೆ ನನ್ನನ್ನು ಕರೆಸಿದರು.

"ನಿನ್ನ ಭಾವಂಗೆ ಹೇಳು, ಹೆಂಡ್ತೀನ ಹೊರಗೆ ಹಾಕೋಕೆ ಕಂಪ್ಯೂಟರ್ ಯಾಕೆ ಬೇಕಿತ್ತು ಅಂತ."

"ನಿಮ್ಮಕ್ಕಂಗೆ ಹೇಳು, ನಾನೇನೂ ಮಾಡಿಲ್ಲ ಅಂತ."

"ಇಬ್ರಿಗೂ ಕಿವಿ ಕೇಳತ್ತೆ ಅಲ್ವಾ?" ಅಂದೆ. ನನ್ನ ತಾಳ್ಮೆಗೂ ಒಂದು ಮಿತಿಯಿದೆ.

ತಪ್ಪು ಬೇಗ ಸಿಕ್ಕಿತು. ಒಳಗೆ ಬಂದವರು ಯಾರೆಂಬ ಗುರುತನ್ನು ಇಬ್ಬರ ಸೈಟುಗಳೂ ಬ್ರೌಸರಿನಲ್ಲಿ ಒಂದೇ ಹೆಸರಿಟ್ಟು ಇಡುತ್ತಿದ್ದವು. ಡೊಮೇನೂ ಒಂದೇ ಆದ್ದರಿಂದ ಒಬ್ಬರ ಗುರುತಿನ ಮೇಲೆ ಇನ್ನೊಬ್ಬರದು ಬಂದು ಕೂರುತ್ತಿತ್ತು. ಎರಡು ಗುರುತಿಗೂ ಬೇರೆ ಬೇರೆ ಹೆಸರು ಕೊಟ್ಟೆ. ಇಬ್ಬರೂ ಒಳಗೇ ಉಳಿದರು.

"ಆಯ್ತಲ್ಲ?" ಅಂದೆ.

"ಏನೂ ಆಗಿಲ್ಲ," ಅಂದಳು ಅಕ್ಕ. "ನಾನು ಬೇರೆ ಹೆಸರು ತಗೊಳ್ತೀನಿ. ನನ್ನದೇ ಸೈಟು. ಸೋಮವಾರ ಬಂದು ಮಾಡಿಕೊಡು." ಹಾಗಂದು ಒಳಗೆ ಹೋದಳು.

ಭಾವ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದರು. "ಅವಳು ಹೋದ್ರೆ ಈ ಹೆಸರಲ್ಲಿ ಉಳಿಯೋದೇನು? ಅರ್ಧ ಹೆಸರಿಟ್ಕೊಂಡು ಯಾರಿಗೋಸ್ಕರ ಅಂಗಡಿ ತೆಗೀಲಿ? ಮನೇಲಿ ಮಾತಿಲ್ಲ ಕಣಮ್ಮ. ನನ್ನ ಕೈಲಿ ಆಗ್ತಿಲ್ಲ."

ನನಗೆ ಅಯ್ಯೋ ಪಾಪ ಅನ್ನಿಸಿತು. "ಹಾಗಾದ್ರೆ ನೀವೇ ಓರೆಗೀಟಿನ ಆಚೆಗೆ ಹೋಗಿ ಭಾವ," ಅಂದೆ.

ಕೀಬೋರ್ಡಿಗೆ ಕೈ ಹಾಕಹೋದರೆ ನನ್ನ ಕೈಯನ್ನೇ ಸರಿಸಿದರು. ತಾವೇ ಕೂತು, ಬರೀ ಹೆಸರಿಗೆ ಅಕ್ಕನ ಕ್ಲಾಸು ಬರುವ ಹಾಗೆ ಮಾಡಿ, ಗಡಿಯಾರದಂಗಡಿಯನ್ನು ಹಿಂದಕ್ಕೆ ಕಳಿಸಿದರು.

ಸೋಮವಾರ ನಾನು ಹೋದಾಗ ಅಕ್ಕ ಹೊಸ ಹೆಸರಿನ ಸುದ್ದಿ ಎತ್ತಲಿಲ್ಲ. ಭಾವನೊಂದಿಗೆ ಮಾತನ್ನೂ ಆಡಲಿಲ್ಲ. ಕ್ಲಾಸು ಶುರುವಾಯಿತು. ನಾನೂ ಭಾವನೂ ಅಂಗಡಿಯಲ್ಲಿ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದೆವು. ಅಷ್ಟರಲ್ಲಿ ಅಕ್ಕ ನಡುಬಾಗಿಲಿಗೆ ಬಂದು ನಿಂತಳು. ಅವಳ ಮುಖ ಕೆಂಪಾಗಿತ್ತು.

"ರೀ! ನಿಮ್ಮ ಗಿರಾಕಿ, ಆ ರಿಟೈರ್ಡ್ ಮೇಷ್ಟ್ರು, ಗೋಡೆ ಗಡಿಯಾರ ಪಕ್ಕದಲ್ಲಿಟ್ಕೊಂಡು ನನ್ನ ಕ್ಲಾಸಲ್ಲಿ ಕಾಜಾ ಹೊಲೀತಾ ಕೂತಿದಾರೆ! ಯಾವಾಗ್ಲೂ ಒತ್ತೋ ಹೆಸರನ್ನೇ ಒತ್ತಿ, ಬಂದ ಫಾರಂ ತುಂಬಿಸಿ ಕಳಿಸಿದಾರೆ. ರಿಪೇರಿಗೆ ಮುಂಚೆ ಇದೂ ಒಂದು ನಿಯಮ ಅನ್ಕೊಂಡಿದಾರೆ ಪಾಪ. ಬನ್ರೀ ಬೇಗ!"

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಭಾವ ಕೈಲಿದ್ದ ಚಿಮಟ ಬಿಸಾಕಿ ಓಡಿದರು. ಒಳಗಿನಿಂದ ಇಬ್ಬರೂ ಒಟ್ಟಿಗೆ ನಗುವುದು ಬಹಳ ಹೊತ್ತು ಕೇಳುತ್ತಿತ್ತು.

ವಾಪಸು ಬಂದಾಗ ಕೇಳಿದೆ: "ಭಾವ, ಗಡಿಯಾರದೋರಿಗೆ ದಾರಿ ತೋರ್ಸೋಕೆ ಆ ಪುಟದಲ್ಲಿ ಒಂದು ಬಟನ್ ಹಾಕ್ಬಿಡ್ಲಾ? ಚಿಟಿಕೆ ಹೊಡೆಯೋದ್ರಲ್ಲಿ ಆಗೋಗತ್ತೆ."

ಭಾವ ನಡುಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಸುಮ್ನಿರು ತಾಯಿ. ಇನ್ನೂ ನಾಲ್ಕು ಜನ ಅಲ್ಲೇ ಹೋಗಿ ಕೂತ್ಕೊಳ್ಲಿ."