ಕೆಂಪವ್ವ ಬರುತ್ತಿದ್ದ ಮಂಗಳವಾರಗಳು

ಹೋದ ಶ್ರಾವಣದಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಂಪಲಾಪುರ ಇನ್ನೂ ಎರಡು ಮೂರು ಮೈಲಿ ಇರುವಾಗಲೇ ತೆರೆದ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ನುಗ್ಗಿತು. ಹಸಿ ಎಲೆ ಬಿಸಿಗೆ ಬಾಡಿ ಹಳದಿ ತಿರುಗುವಾಗ ಏಳುವ ವಾಸನೆ ಅದು. ಬೆಲ್ಲದ ಪಾಕದ ಸಿಹಿಯೂ ಒಣಹುಲ್ಲಿನ ಘಾಟೂ ಕಲಸಿಕೊಂಡಂತೆ ಇರುತ್ತದೆ. ಪಕ್ಕದಲ್ಲಿ ಕೂತಿದ್ದ, ನಾನು ಕೆಲಸ ಮಾಡುವ ಶಾಲೆಯ ಟೀಚರು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಕಿಟಕಿಗೆ ಇನ್ನಷ್ಟು ಒರಗಿದೆ. ಅದಕ್ಕೆ ಸ್ವಲ್ಪ ಮೊದಲು ಅವರು ನನ್ನನ್ನು ಒಂದು ಮಾತು ಕೇಳಿದ್ದರು. ಮೈಸೂರಿನಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೂತು ಸತ್ತವರ ಮಾತನ್ನು ಹೇಳುತ್ತಾಳಂತೆ. ತೀರಿಕೊಂಡ ತಮ್ಮ ತಾಯಿಯ ಮಾತನ್ನೂ ಹೇಳಿದಳಂತೆ. ಅದು ನಿಜವಾಗಿ ತಾಯಿಯ ಆತ್ಮವೇ, ಅದರ ಮಾತು ಕೇಳಿ ನಡೆಯಬಹುದೇ ಎಂದು ಅವರ ಪ್ರಶ್ನೆ. ಗೊತ್ತಿಲ್ಲ ಎಂದೆ. ಅದು ನಿಜವಾದ ಉತ್ತರವೇ. ಆದರೆ ಆ ಗೊತ್ತಿಲ್ಲದಿರುವುದರ ಒಳಗೆ ಒಂದು ಮನೆಯಿದೆ, ಒಬ್ಬ ಹೆಂಗಸಿದ್ದಾಳೆ. ಅವರಿಗೆ ಬಸ್ಸಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಊರು ಕಂಪಲಾಪುರದಿಂದ ಒಳಕ್ಕೆ. ಮನೆ ದೊಡ್ಡದೇನಲ್ಲ; ನಾಡಹೆಂಚಿನ ಮಾಡು, ಮುಂದೆ ಜಗಲಿ, ಹಿತ್ತಿಲಿನಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಮಣ್ಣುಗೋಡೆಯ ಬ್ಯಾರನ್. ಈಗ ಆ ಜಾಗದಲ್ಲಿ ಯಾರದೋ ಶುಂಠಿ ಬೆಳೆಯಿದೆ. ಮನೆ ಇತ್ತು ಎನ್ನಲು ಒಂದು ಒರಳುಕಲ್ಲು ಕೂಡ ಉಳಿದಿಲ್ಲ. ಆಗ ಅಲ್ಲಿ ತಾತ, ಅಪ್ಪ, ಅವ್ವ, ನಾನು ಮತ್ತು ತಾಯಮ್ಮತ್ತೆ ಇದ್ದೆವು. ತಾಯಮ್ಮತ್ತೆ ಅಪ್ಪನಿಗೆ ಅಕ್ಕ. ಎಚ್.ಡಿ. ಕೋಟೆಯ ಕಡೆ ಕೊಟ್ಟಿದ್ದರು, ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ತೀರಿಹೋದ, ಒಂದು ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. ಮಾತು ಕಡಿಮೆ. ನಡೆದರೆ ಸದ್ದಾಗುತ್ತಿರಲಿಲ್ಲ. ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂರುತ್ತಿದ್ದಳು, ಅದೂ ಒಲೆಯ ಮರೆಯಲ್ಲಿ. ಮನೆಯಲ್ಲಿ ಅವಳಿದ್ದಾಳೆ ಎಂದು ನೆನಪಾಗುತ್ತಿದ್ದದ್ದು ಮಂಗಳವಾರ ಮಾತ್ರ.

ಮಂಗಳವಾರ ಸಂಜೆ ಅವಳ ಮೈಮೇಲೆ ಕೆಂಪವ್ವ ಬರುತ್ತಿದ್ದಳು. ಕೆಂಪವ್ವ ಎಂದರೆ ತಾತನ ತಾಯಿ. ಅತ್ತೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಸತ್ತವಳು. ಮೊದಲ ಸಲ ಬಂದದ್ದನ್ನು ನಾನು ನೋಡಿಲ್ಲ, ಅವ್ವ ಹೇಳಿದ್ದು. ಅತ್ತೆ ತವರಿಗೆ ಬಂದ ಮರುವರ್ಷ ಎಲ್ಲರೂ ಕೂತು ಬೇಯಿಸಬೇಕಾದ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರಂತೆ. ಇದ್ದಕ್ಕಿದ್ದಂತೆ ಅತ್ತೆಯ ಕೈ ನಿಂತಿತು, ತಲೆ ಒಂದು ಕಡೆಗೆ ವಾಲಿತು, ಮುದುಕಿಯ ಗೊಗ್ಗರು ದನಿಯಲ್ಲಿ ಅವಳು ತಾತನನ್ನು ‘ಗಿಡ್ಡಯ್ಯ’ ಎಂದು ಕರೆದಳು. ತಾತನ ಹೆಸರು ಅದಲ್ಲ. ಚಿಕ್ಕಂದಿನಲ್ಲಿ ಅವನ ತಾಯಿಯೊಬ್ಬಳೇ ಕರೆಯುತ್ತಿದ್ದ ಹೆಸರಂತೆ. ಊರಿನಲ್ಲಿ ಅದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. ಅರವತ್ತು ದಾಟಿದ ತಾತ ಎಲೆಯ ರಾಶಿಯ ಮೇಲೆಯೇ ಮೊಳಕಾಲೂರಿ ಮಗುವಿನ ಹಾಗೆ ಅತ್ತನಂತೆ. ಆಮೇಲೆ ಆ ಮನೆಯಲ್ಲಿ ನಂಬಬೇಕೋ ಬೇಡವೋ ಎಂಬ ಮಾತೇ ಏಳಲಿಲ್ಲ. ಸಸಿ ನೆಡುವುದು, ಬ್ಯಾರನ್ನಿಗೆ ಬೆಂಕಿ ಹಾಕುವುದು, ಹಸು ಕೊಳ್ಳುವುದು, ಎಲ್ಲಕ್ಕೂ ಕೆಂಪವ್ವನ ಅಪ್ಪಣೆ ಆಗಬೇಕಿತ್ತು. ಒಂದು ಸಲ ಅವಳು ಬೇಡವೆಂದ ದಿನ ಬೆಂಕಿ ಹಾಕಲಿಲ್ಲ. ಅದೇ ದಿನ ಬ್ಯಾರನ್ನಿನ ಹಿಂಗೋಡೆ ಕುಸಿದು ಬಿತ್ತು. ಇಂಥ ಒಂದು ಸಂಗತಿ ಸಾಕು, ತಪ್ಪಿದ ಹತ್ತು ಮಾತುಗಳನ್ನು ಮನೆ ಮರೆತುಬಿಡುತ್ತದೆ.

ನನಗೆ ಒಂಬತ್ತು ವರ್ಷ. ಕೆಂಪವ್ವ ಬರುವ ಹೊತ್ತಿಗೆ ಅವ್ವನ ಸೆರಗು ಬಿಡುತ್ತಿರಲಿಲ್ಲ. ಒಂದು ದಿನ ತಾತನ ಕನ್ನಡಕ ಹಾಕಿಕೊಂಡು ಆಡುವಾಗ ಅದು ಜಗಲಿಯಿಂದ ಬಿದ್ದು ಒಡೆಯಿತು. ಬೆಕ್ಕು ಬೀಳಿಸಿತು ಎಂದೆ. ಮುಂದಿನ ಮಂಗಳವಾರದವರೆಗೆ ನಾನು ಸರಿಯಾಗಿ ಅನ್ನ ತಿನ್ನಲಿಲ್ಲ. ಅವಳಿಗೆ ಎಲ್ಲ ತಿಳಿಯುತ್ತದೆ, ಎಲ್ಲರೆದುರು ಹೇಳಿಬಿಡುತ್ತಾಳೆ ಎಂದು ಗೊತ್ತಿತ್ತು. ಆ ಸಂಜೆ ಅತ್ತೆ ಮಣೆಯ ಮೇಲೆ ಕೂತು, ಕೂದಲು ಬಿಚ್ಚಿ, ತೂಗಲು ಶುರು ಮಾಡಿದಾಗ ನನ್ನನ್ನು ಮುಂದಕ್ಕೆ ತಳ್ಳಿದರು. ಬಿಸಿಯಾದ ಹೆಬ್ಬೆರಳು ನನ್ನ ಹಣೆಗೆ ವಿಭೂತಿ ಎಳೆಯಿತು. ಒಳ್ಳೆ ಕೂಸು ಎಂದು ಆ ಮುದಿ ದನಿ ಹರಸಿತು. ಉಳಿದೆ ಅಂದುಕೊಂಡು ಓಡಿದವಳಿಗೆ ಹಿತ್ತಿಲು ಮುಟ್ಟುವಷ್ಟರಲ್ಲಿ ಖುಷಿ ಹೋಗಿ ಇನ್ನೊಂದು ಹೆದರಿಕೆ ಹಿಡಿಯಿತು. ಅವಳಿಗೆ ತಿಳಿದಿರಲಿಲ್ಲ. ಹಾಗಾದರೆ ಅವಳು ಯಾರು?

ಆ ಮುಳ್ಳು ಒಳಗೇ ಇತ್ತು. ಕೆಲವು ದಿನ ಕಳೆದು, ಮಧ್ಯಾಹ್ನ ನಾವಿಬ್ಬರೇ ಎಲೆ ಕಟ್ಟುತ್ತಿದ್ದಾಗ ಅತ್ತೆಯನ್ನು ಕೇಳಿದೆ: ಕೆಂಪವ್ವ ಬಂದಾಗ ನೀನು ಎಲ್ಲಿರುತ್ತೀಯ? ಅವಳ ಬೆರಳುಗಳು ಎಲೆಯ ಅಂಟಿನಿಂದ ಕಪ್ಪಾಗಿದ್ದವು. ಅವನ್ನು ಒಂದಕ್ಕೊಂದು ಉಜ್ಜಿಕೊಂಡಳು. ಅವಳನ್ನು ಈ ಮಾತು ಯಾರೂ ಕೇಳಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಎಲ್ಲರೂ ಕೇಳುತ್ತಿದ್ದದ್ದು ಕೆಂಪವ್ವನನ್ನು.

“ಬಾವಿ ಒಳಗೆ ಇದ್ದಂಗೆ ಕಣವ್ವ,” ಎಂದಳು. “ಮ್ಯಾಲೆ ಯಾರೋ ಮಾತಾಡೋದು ಕೇಳ್ತದೆ, ಏನಂತ ತಿಳಿಯಾಕಿಲ್ಲ.” ಆಮೇಲೆ ದನಿ ತಗ್ಗಿಸಿ, “ಒಂದೊಂದ್ ಸಲ ಬಾವೀಗೆ ಇಳಿಯೋದೇ ಇಲ್ಲ. ಆಗ ನಾನೇ ಮಾತಾಡ್ತಾ ಇವ್ನೇನೋ ಅನ್ನುಸ್ತದೆ. ಎಲ್ರೂ ಕಾಯ್ತಾ ಕುಂತಿರ್ತಾರಲ್ಲ, ಎಂಗೆ ಬರ್ಲಿಲ್ಲ ಅನ್ನಾದು? ಇದ ಯಾರ್ಗೂ ಏಳ್ಬ್ಯಾಡ.”

ಹೇಳುವುದಿಲ್ಲ ಎಂದು ಅವಳ ಅಂಟುಗೈಯ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಆ ವರ್ಷ ಅವ್ವ ಬಸುರಿ. ಎಂಟನೇ ತಿಂಗಳಲ್ಲಿ ಅವಳ ಪಾದ ಊದಿ ಬಳೆ ಕೈಗೆ ಬಿಗಿಯಿತು, ಮುಖ ಗುರುತು ಸಿಗದ ಹಾಗಾಯಿತು. ಆರೋಗ್ಯ ಕೇಂದ್ರದಿಂದ ಮನೆಮನೆಗೆ ಬರುತ್ತಿದ್ದ ನರ್ಸಮ್ಮ ಒಂದು ಮಂಗಳವಾರ ಮಧ್ಯಾಹ್ನ ಬಂದು ಬಿಪಿ ನೋಡಿದರು. ಎರಡನೇ ಸಲ ನೋಡಿದರು. ಇವತ್ತೇ ಮೈಸೂರಿಗೆ ಕರೆದುಕೊಂಡು ಹೋಗಿ, ನಾಳೆ ಎನ್ನಬೇಡಿ ಎಂದು ಅಪ್ಪನಿಗೆ ಎರಡು ಸಲ ಹೇಳಿ, ಚೀಟಿ ಬರೆದುಕೊಟ್ಟು ಹೋದರು. ಅಪ್ಪ ಕೆಟ್ಟವನಲ್ಲ. ಅವ್ವನೆಂದರೆ ಅವನಿಗೆ ಜೀವ. ಹೆದರಿಕೆ ಹೆಚ್ಚಾದಷ್ಟೂ ಅವನಿಗೆ ಕೆಂಪವ್ವ ಬೇಕಾಗುತ್ತಿದ್ದಳು. ಇನ್ನೆರಡು ಗಂಟೆಗೆ ಹೇಗೂ ಬರುತ್ತಾಳೆ, ಕೇಳಿಯೇ ಹೊರಡೋಣ ಎಂದ. ಆ ಸಂಜೆ ಅತ್ತೆಯ ಮೈ ನಾನು ಎಂದೂ ಕಾಣದ ಹಾಗೆ ನಡುಗಿತು. ಹಲ್ಲು ಕಡಿಯುವ ಸದ್ದು ಜಗಲಿಯವರೆಗೂ ಕೇಳುತ್ತಿತ್ತು. ಅವ್ವನನ್ನು ಮುಂದೆ ಕೂರಿಸಿ, ಹೋಗಲೇ ಎಂದು ಅಪ್ಪ ಕೈಮುಗಿದು ಕೇಳಿದ.

“ಮೂರು ದಿನ ಊರ ಗಡಿ ದಾಟ್ಬ್ಯಾಡಿ,” ಎಂದಿತು ಆ ದನಿ. “ದಾಟುದ್ರೆ ನಾನು ನಿಮ್ ಜತೀಗೆ ಬರಾಕಿಲ್ಲ.”

ಬುಧವಾರ ಬೆಳಗಾಗುವ ಹೊತ್ತಿಗೆ ಅವ್ವ ತಲೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಕಣ್ಣ ಮುಂದೆ ಮಿಣುಕುಹುಳ ಹಾರುತ್ತಿವೆ ಎನ್ನುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಯಾರು ಅದು ಎಂದು ಕೇಳಿದಳು. ನನ್ನವ್ವ ನನ್ನನ್ನು ಯಾರು ಎಂದು ಕೇಳಿದಳು. ಪಕ್ಕದ ಮನೆಯ ಸೋಮಣ್ಣ ತಾನಾಗಿಯೇ ಜೀಪು ತಂದು ಬಾಗಿಲಿಗೆ ನಿಲ್ಲಿಸಿದ್ದ. ಅಪ್ಪ ಹೊಸಿಲ ಮೇಲೆ ಕೂತಿದ್ದ, ಏಳಲಿಲ್ಲ. ತಾತ ಕಂಬ ಹಿಡಿದು ನಿಂತಿದ್ದ. ಅತ್ತೆ ಅವ್ವನ ಪಾದಕ್ಕೆ ಬಿಸಿನೀರಿನ ಬಟ್ಟೆ ಸುತ್ತುತ್ತಿದ್ದಳು. ಆಣೆ ಮಾಡಿದ್ದು ನೆನಪಿತ್ತು. ನೆನಪಿದ್ದೂ ನಾನು ಕೂಗಿಬಿಟ್ಟೆ. ಕೆಂಪವ್ವ ಅಲ್ಲ, ಒಂದೊಂದು ಸಲ ತಾನೇ ಮಾತಾಡೋದು ಅಂತ ಅತ್ತೆಯೇ ನನಗೆ ಹೇಳಿದ್ದಾಳೆ ಎಂದೆ.

ಅಪ್ಪ ಎದ್ದು ಬಂದು ಕೈ ಎತ್ತಿದ. ಆ ಕೈ ಬೀಳಲಿಲ್ಲ. ತಾತ ಅತ್ತೆಯ ಕಡೆಗೆ ನೋಡುತ್ತಿದ್ದ, ಸುಳ್ಳು ಎಂದು ಹೇಳು ಎಂದು ಬೇಡುವ ಹಾಗೆ. ಅತ್ತೆ ನನ್ನನ್ನು ನೋಡಿದಳು. ಬೈಯುವ ನೋಟ ಅದಾಗಿರಲಿಲ್ಲ. ದೂರ ಹೋಗುವವರು ಊರನ್ನು ಒಂದು ಸಲ ನೋಡಿಕೊಳ್ಳುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ಅವ್ವನ ಮುಖವನ್ನು ನೋಡಿದಳು. ಬಟ್ಟೆಯನ್ನು ಹಿಂಡಿ ಕೆಳಗಿಟ್ಟು ಎದ್ದಳು.

“ಕೂಸು ಸುಳ್ಳೇಳ್ತಿಲ್ಲ ಮಾದೇವ,” ಎಂದಳು ಅಪ್ಪನ ಕಡೆ ತಿರುಗಿ. “ನೆನ್ನೆ ಮಾತಾಡಿದ್ದೂ ನಾನೇ. ಕೆಂಪವ್ವನೂ ಇಲ್ಲ, ಯಾರೂ ಇಲ್ಲ. ಎತ್ಕೊ ಅವಳ್ನ.”

ಜೀಪಿನ ಹಿಂದಿನ ಸೀಟಿನಲ್ಲಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯೇ ಹೋದಳು. ಹುಣಸೂರು ದಾಟುವಾಗ ಅವ್ವನಿಗೆ ಫಿಟ್ಸು ಬಂತಂತೆ. ನಾಲಗೆ ಕಚ್ಚದಿರಲೆಂದು ಅತ್ತೆ ತನ್ನ ಬೆರಳನ್ನೇ ಹಲ್ಲಿನ ನಡುವೆ ಇಟ್ಟಳಂತೆ. ಆ ಗುರುತು ಕೊನೆಯವರೆಗೂ ಇತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಅವ್ವ ಉಳಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ಅವಳೂ ಸಿಗುತ್ತಿರಲಿಲ್ಲ ಎಂದರಂತೆ ಡಾಕ್ಟರು. ಮಗು, ಗಂಡುಮಗು, ಒಂದು ಹಗಲು ಇದ್ದು ಹೋಯಿತು.

ಸತ್ತ ಕೂಸನ್ನು ಹೂಳಿ ಬಂದ ಮೇಲೆ ಊರಿನ ನಾಲಗೆಗೆ ಎರಡು ಅಲಗು ಬಂತು. ಇಷ್ಟು ವರ್ಷ ಕೆಂಪವ್ವನ ಹೆಸರಿನಲ್ಲಿ ನಾಟಕ ಆಡಿದಳು ಎಂದು ಅತ್ತೆಯನ್ನು ಆಡಿಕೊಂಡರು. ಅದೇ ಬಾಯಲ್ಲಿ, ಕೆಂಪವ್ವ ದಾಟಬೇಡ ಎಂದಿದ್ದಳು, ಇವಳು ದಾಟಿಸಿ ಮಗುವನ್ನು ಕಳೆದಳು ಎಂದೂ ಅಂದರು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂದು ಯಾರಿಗೂ ತೋಚಲಿಲ್ಲ. ಅತ್ತೆ ಯಾವುದಕ್ಕೂ ಎದುರಾಡಲಿಲ್ಲ. ಅಪ್ಪ ಅವಳೊಡನೆ ಬೇಕಾದಷ್ಟೇ ಮಾತಾಡಿದ. ಅವ್ವ ಮಾತ್ರ ಆಸ್ಪತ್ರೆಯಿಂದ ಬಂದ ದಿನದಿಂದ ಮೊದಲ ತಟ್ಟೆಯನ್ನು ಅತ್ತೆಗೇ ಇಡತೊಡಗಿದಳು, ತಾತನಿಗೂ ಮುಂಚೆ. ಕೆಂಪವ್ವ ಮತ್ತೆ ಬರಲಿಲ್ಲ.

ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ತಾತ. ತಾಯಿ ಅವನಿಗೆ ಎರಡನೇ ಸಲ ಸತ್ತಿದ್ದಳು. ಬೇಸಿಗೆಯಲ್ಲಿ ಹಾಸಿಗೆ ಹಿಡಿದ. ಕೊನೆಯ ದಿನ ಬಾಯಿಗೆ ನೀರು ಬಿಡಲು ಅತ್ತೆ ಬಗ್ಗಿದಾಗ ಅವಳ ತುಟಿಯನ್ನೇ ನೋಡುತ್ತಾ ಕಾದ. ಒಂದು ಸಲ, ಆ ದನಿಯಲ್ಲಿ, ಆ ಹೆಸರು ಹಿಡಿದು ಕರೆದಿದ್ದರೆ ಸಾಕಿತ್ತು. ನನಗೂ ಅದು ತಿಳಿಯಿತು. ಕರೆ ಅತ್ತೆ, ಕರೆ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ಅವನ ಗದ್ದದ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು. ಕೊನೆಗೆ ತನ್ನದೇ ದನಿಯಲ್ಲಿ “ಅಪ್ಪ” ಎಂದಷ್ಟೇ ಅಂದಳು. ತಾತ ಕಣ್ಣು ಮುಚ್ಚಿಕೊಂಡ.

ನಾನು ಓದಿ, ಕೆ.ಆರ್. ನಗರದಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಮನೆ ಮಾಡಿದೆ. ಜಮೀನು ಮಾರಿದ ಮೇಲೆ ಅಪ್ಪ ಅವ್ವ ಕಂಪಲಾಪುರಕ್ಕೆ ಬಂದರು, ಅತ್ತೆ ನನ್ನ ಜೊತೆಗೆ ಬಂದಳು. ಅವಳೆದುರು ಆ ಬೆಳಗಿನ ಮಾತೆತ್ತಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಒಂದು ದಿನ ಅವಳಿಗೆ ಉಗುರು ಕತ್ತರಿಸುವಾಗ, ಆ ಬೆರಳಿನ ಗುರುತು ಕೈಗೆ ಸಿಕ್ಕಾಗ, ಆಣೆ ಮುರಿದದ್ದು ತಪ್ಪಾಯಿತು ಎಂದೆ. ಅವಳು ನಕ್ಕಳು. ನಾನು ಮುರಿದದ್ದರಿಂದಲೇ ತನಗೆ ಹೇಳಲು ಬಾಯಿ ಬಂತು ಎಂದಳು. ಆಮೇಲೆ, ಒಂದು ಸಾಮಾನ್ಯ ಸಂಗತಿ ಹೇಳುವ ಹಾಗೆ, ಇಷ್ಟು ಹೇಳಿದಳು:

“ಆದ್ರೆ ಆ ಮಂಗಳವಾರ ನಾನು ಬಾವೀಲೇ ಇದ್ದೆ ಕಣವ್ವ. ತಳದಾಗೆ. ಅಷ್ಟು ಆಳಕ್ಕೆ ಯಾವತ್ತೂ ಓಗಿರ್ನಿಲ್ಲ.”

ಕತ್ತರಿ ನನ್ನ ಕೈಯಲ್ಲೇ ನಿಂತಿತು. ಹಾಗಾದರೆ ಮಾತಾಡಿದ್ದು ನಾನೇ ಎಂದು ನೀನು ಅಪ್ಪನಿಗೆ ಯಾಕೆ ಹೇಳಿದೆ ಎಂದು ಕೇಳಿದೆ.

“ನಿಮ್ಮವ್ವ ಉಳೀಬೇಕಿತ್ತಲ್ಲ. ಕೆಂಪವ್ವ ಏಳಿದ್ದು ತಪ್ಪು ಅಂದ್ರೆ ಯಾರು ಕೇಳೋರು? ನಾನು ಕಳ್ಳಿ ಅಂದ್ರೆ ಕೇಳ್ತಾರೆ.” ಬೆರಳನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. “ಕೆಂಪವ್ವಂಗೆ ನೋವಾಗಿರ್ತದೆ. ನನ್ನ ಬಾಯಾಗೇ ಇಲ್ಲ ಅನ್ನಿಸ್ಕೊಂಡ್ಳಲ್ಲ.”

ಬಂದದ್ದು ನಿಜವಾಗಿ ಕೆಂಪವ್ವನೇ, ಅಥವಾ ಮಾತಿಲ್ಲದ ಒಬ್ಬ ವಿಧವೆಯ ಒಳಗೆ ಹೂತುಹೋಗಿದ್ದ ಅವಳದೇ ಇನ್ನೊಂದು ದನಿಯೇ, ನನಗೆ ಈಗಲೂ ಗೊತ್ತಿಲ್ಲ. ಅತ್ತೆ ಅದನ್ನು ನಿಜವೆಂದೇ ನಂಬಿದ್ದಳು. ನಂಬಿಯೂ ಅದರ ಮಾತನ್ನು ಮೀರಿದಳು. ಹಾಗೆ ಮೀರಿದವಳು ಆಮೇಲೆ ಪ್ರತಿ ಮಂಗಳವಾರ ಸಂಜೆ ನನ್ನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು, ನಡುವೆ ಅಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಗೋಡೆಗೆ ಒತ್ತಿಕೊಂಡು. ಇಕ್ಕಟ್ಟಾಗುತ್ತದೆ, ಈಚೆ ಸರಿದುಕೋ ಎಂದರೆ, ಇರಲಿ ಬುಡು ಎನ್ನುತ್ತಿದ್ದಳು. ದೀಪ ಹಚ್ಚುವ ಹೊತ್ತು ಮೀರುವವರೆಗೆ ಕಾದು, ಮಂಡಿ ಹಿಡಿದು ಎದ್ದು ಒಳಗೆ ಬರುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ನಾನೂ ಆಗಾಗ ಆ ಮೆಟ್ಟಿಲ ಮೇಲೆ ಕೂರುತ್ತೇನೆ, ಅವಳು ಕೂರುತ್ತಿದ್ದ ಗೋಡೆಯ ಬದಿಗೆ. ಅವಳು ಬಿಟ್ಟಿರುತ್ತಿದ್ದ ಜಾಗದಲ್ಲಿ ಮಾತ್ರ ನಾನು ಇವತ್ತಿನವರೆಗೆ ಕೂತಿಲ್ಲ.