ಸೀಡಿಯ ಮುಖ ಯಾವ ಕಡೆ

ಅಥವಾ ಆ ಸೀಡಿಯ ಪ್ರಸಂಗ ನಡೆದದ್ದು ಆಯುಧಪೂಜೆ ಕಳೆದ ಮರುವಾರ ಅಲ್ಲವೇನೋ. ದೀಪಾವಳಿಯ ಹೊತ್ತೂ ಇರಬಹುದು. ಇವತ್ತು ಬೆಳಿಗ್ಗೆ ಮಧುಗಿರಿಯ ಅಂಗಡಿಯೊಂದರಲ್ಲಿ ಹೊಸ ಲ್ಯಾಪ್‌ಟಾಪ್ ನೋಡುತ್ತಿದ್ದಾಗ ನನ್ನ ಬೆರಳು ತಾನಾಗಿಯೇ ಅದರ ಪಕ್ಕೆಯನ್ನು ತಡಕಿತು. ಸೀಡಿ ಹಾಕುವ ಬಾಯಿ ಎಲ್ಲಿ? "ಈಗೆಲ್ಲಿ ಸಾರ್ ಸೀಡಿ, ಎಲ್ಲಾ ನೆಟ್ಟಲ್ಲೇ ಇಳೀತದೆ" ಎಂದ ಅಂಗಡಿಯವನು. ಅಷ್ಟಕ್ಕೇ ಕೊಡಿಗೇನಹಳ್ಳಿಯಲ್ಲಿದ್ದ ಜಯಮ್ಮ ಚಿಕ್ಕಮ್ಮನ ಸ್ಟುಡಿಯೊ ನೆನಪಾಯಿತು. ನೆನಪಾಯಿತು ಎಂದರೆ ಪೂರ್ತಿ ನಿಜವಲ್ಲ. ಅರ್ಧ ನೆನಪಾಯಿತು, ಉಳಿದರ್ಧವನ್ನು ಬಸ್ಸಿನಲ್ಲಿ ಬರುತ್ತಾ ಜೋಡಿಸಿಕೊಂಡೆ. ಜೋಡಿಸಿದ ಹೊಲಿಗೆ ಕಂಡರೆ ಕಂಡಂತೆಯೇ ಬಿಡಿ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ನಮ್ಮ ಕಡೆ ಮದುವೆಗೆ ವೀಡಿಯೊ ಹಿಡಿಯಲು ಹೋದ ಮೊದಲ ಹೆಂಗಸು ಅವಳೇ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಪುರಾವೆ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಸ್ಟುಡಿಯೊದವರು, "ಹೆಂಗ್ಸ್ ಕೈಗೆ ಕ್ಯಾಮ್ರಾ ಕೊಟ್ರೆ ತಾಳಿ ಕಟ್ಟೋದ್ ಬುಟ್ಟು ಸೀರೆ ಅಂಚು ಹಿಡ್ಕಂಡ್ ಬತ್ತಾಳೆ" ಎಂದು ನಗುತ್ತಿದ್ದರಂತೆ. ಹಾಗಿದ್ದೂ ಪಾವಗಡ ಕಡೆಯ, ತೆಲುಗು ಬೆರೆಸಿ ಮಾತಾಡುವ ಗಂಗಮ್ಮ ಎಂಬಾಕೆ ಮಗಳ ಮದುವೆಯ ವೀಡಿಯೊ ಕೆಲಸವನ್ನು ಚಿಕ್ಕಮ್ಮನಿಗೇ ಒಪ್ಪಿಸಿದ್ದಳು. ಚಿಕ್ಕಮ್ಮ ವೀಡಿಯೊ ಹಿಡಿದ ಮೊದಲ ಮದುವೆ ಅದು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕ್ಯಾಮರಾದ ಅದೇ ಕ್ಯಾಸೆಟ್ಟಿನ ಮೇಲೆ ಆಗಲೇ ಇನ್ನೊಬ್ಬರ ಗೃಹಪ್ರವೇಶ ಹಿಡಿದಾಗಿತ್ತು. ಹೀಗಾಗಿ ಆ ಮದುವೆ ಜಗತ್ತಿನಲ್ಲಿ ಉಳಿದಿದ್ದದ್ದು ಚಿಕ್ಕಮ್ಮನ ಕಂಪ್ಯೂಟರಿನಲ್ಲಿ ಮಾತ್ರ.

ಎಡಿಟ್ ಮಾಡುವ ಹೊಸ ಸಾಫ್ಟ್‌ವೇರ್ ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆ ಕೂರುತ್ತಿರಲಿಲ್ಲ. ಹೊಸ ಸಿಸ್ಟಂನ ಸೀಡಿ ತುಮಕೂರಿನಿಂದ ಬಂದಿತ್ತು. ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವನೆಂದು ಚಿಕ್ಕಮ್ಮ ನನ್ನನ್ನು ಕರೆಸಿದಳು. ನಾನು ಓದಿದ್ದರಲ್ಲಿ ಬಹುಪಾಲು ವ್ಯಾಖ್ಯೆಗಳು. ಆದರೂ ಕುರ್ಚಿ ಎಳೆದುಕೊಂಡು ಕೂತ ಶೈಲಿಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಅರ್ಧದವರೆಗೆ ಸರಾಗವಾಗಿ ಹೋಯಿತು. ಆಮೇಲೆ ಸೀಡಿ ಡ್ರೈವು ಕೆರೆದುಕೊಳ್ಳುವಂತೆ ಕರಕರ ಎಂದಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು: ಡಿಸ್ಕ್ ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಲೇ, ಬಿಟ್ಟುಬಿಡಲೇ? ಮತ್ತೆ ಎಂದೆ. ಮತ್ತೆ ಕರಕರ. ಹಳೆಯ ಸಿಸ್ಟಂ ಬಿಚ್ಚಿಹೋಗಿತ್ತು, ಹೊಸದು ಕಟ್ಟಿರಲಿಲ್ಲ.

"ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡಲಾ ಚಿಕ್ಕಮ್ಮ? ಮದುವೆ ಬೇರೆ ಡ್ರೈವಲ್ಲಿ ಇಟ್ಟಿದೀಯ ತಾನೆ?"

"ಡೆಸ್ಕ್‌ಟಾಪ್ ಮ್ಯಾಲೇ ಐತೆ ಕಣ್ಲಾ. ಕಣ್ಣಿಗ್ ಕಾಣೋ ಜಾಗ್ದಾಗೆ ಇರ್ಲಿ ಅಂತ ಇಕ್ಕಿದ್ದೆ. ಅಳಸ್ಗಿಳಸ್ಬುಟ್ಟೀಯ! ಈ ಮದ್ವೆ ಹೋದ್ರೆ ನನ್ನ ಇನ್ಯಾವ ಮದ್ವೇಗೂ ಕರಿಯಾಕಿಲ್ಲ."

ಬೆಂಚಿನ ಮೇಲೆ ಗಂಗಮ್ಮ ಬೆಳಗಿನಿಂದ ಕೂತಿದ್ದಳು. "ಏಮ್ ಜಯಮ್ಮಾ, ಇಂಕಾ ಕಾಲೇದಾ? ಇನ್ನೂ ಆಗ್ಲಿಲ್ವಾ? ನಮ್ ಬೀಗ್ರು ದಿನಾ ಕೇಳ್ತಾವ್ರೆ."

ಸೀಡಿ ಹೊರಗೆ ತೆಗೆದೆ. ತಿರುಗಿಸಿ ನೋಡಿದರೆ ಹೊಳೆಯುವ ಮೈಮೇಲೆ ಅರಿಶಿನದ ಪಟ್ಟೆ, ಅದರ ನಡುವೆ ಒಣಗಿದ ಕುಂಕುಮದ ಬೊಟ್ಟು. ಹೊಸ ಸಾಮಾನನ್ನು ಪೂಜೆಗೆ ಮೊದಲು ಮುಟ್ಟಬಾರದೆಂದು ಚಿಕ್ಕಮ್ಮ ಅದನ್ನು ಕ್ಯಾಮರಾ, ಟ್ರೈಪಾಡುಗಳ ಜೊತೆ ಆಯುಧಪೂಜೆಗೆ ಇಟ್ಟಿದ್ದಳು.

"ಈ ಕಡೆ ಯಾಕಿಟ್ಟೆ ಚಿಕ್ಕಮ್ಮ?"

"ಮಕ ಯಾವ ಕಡೆ ಐತೋ ಆ ಕಡೆ ತಾನೆ ಬೊಟ್ಟಿಡಾದು? ಕನ್ನಡಿ ಹಂಗೆ ಹೊಳೀತಿತ್ತು. ಅಕ್ಷರ ಇರಾದು ಬೆನ್ನು ಅನ್ಕಂಡೆ."

ಅವಳ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಒರೆಸಲು ಬಟ್ಟೆ ಎತ್ತಿದೆ. ಗಂಗಮ್ಮ ಎದ್ದೇಬಿಟ್ಟಳು.

"ವದ್ದು ನಾಯ್ನಾ, ಬ್ಯಾಡ! ನನ್ ಮಗಳ ಮದ್ವೆ ಇರೋ ಮಿಷನ್ನು. ಕುಂಕುಮ ಅಳಸ್ತಾರಾ ಯಾರಾನಾ?"

ಚಿಕ್ಕಮ್ಮ ನನ್ನ ಕೈಯಿಂದ ಸೀಡಿ ತೆಗೆದುಕೊಂಡಳು. "ಅಳಸ್ಬ್ಯಾಡ ಬುಡು, ಜಾಗ ಬದಲಾಯ್ಸಾನ." ದೇವರ ಪಟದ ಮುಂದಿನ ಬಟ್ಟಲಿನಿಂದ ಬೆರಳಿಗೆ ಕುಂಕುಮ ತೆಗೆದುಕೊಂಡು ಅಕ್ಷರವಿದ್ದ ಬದಿಗೆ ಹೊಸ ಬೊಟ್ಟಿಟ್ಟಳು. "ಈಗ ಆ ಕಡೇದು ಒರ್ಸು. ಒಂದು ಗಳಿಗೇನೂ ಬರೀ ಹಣೆ ಇರಬಾರ್ದು." ಗಂಗಮ್ಮ ಒಪ್ಪಿದಳು. ಒಪ್ಪಿ ಸುಮ್ಮನಿರದೆ, ಸೀಡಿ ಓದಿದರೆ ನಾಗಲಮಡಿಕೆಗೆ ಬಂದು ಮುಡಿ ಕೊಡುತ್ತೇನೆಂದು ಅಲ್ಲಿನ ದೇವರು ಸುಬ್ಬಪ್ಪನಿಗೆ ಹರಕೆ ಹೊತ್ತಳು. ಮುಡಿ ಯಾರದು ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, "ಅಳಿಯಂದು" ಎಂದಳು.

ನಾನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತ ಒರೆಸಬಾರದೆಂಬುದು ಓದಿದ್ದರಲ್ಲಿ ನೆನಪಿದ್ದ ಒಂದು ಸಂಗತಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಬೇಕೆಂಬುದು ನೆನಪಾಗಲಿಲ್ಲ. ಅದೇ ಉಸಿರಿನಲ್ಲಿ ಡ್ರೈವಿನ ಬಾಯಿಗೆ ಉಫ್ ಎಂದು ಊದಿದೆ, ಓರೆಯಾಗಿ ನಿಂತಿದ್ದ ಕಂಪ್ಯೂಟರಿನ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಸೀಡಿ ಹಾಕಿ, ಮತ್ತೆ ಪ್ರಯತ್ನಿಸು ಎಂಬುದನ್ನು ಒತ್ತಿದೆ. ಓದಿತು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಮದುವೆಯ ಕಡತ ಇದ್ದಲ್ಲೇ ಇತ್ತು. ಚಿಕ್ಕಮ್ಮ ಮೊದಲು ನೋಡಿದ್ದು ಧಾರೆಯ ದೃಶ್ಯವನ್ನು. ತಾಳಿ ಕಟ್ಟುವುದು ಪೂರ್ತಿ ಬಂದಿತ್ತು. ಸೀರೆಯ ಅಂಚೂ ಸ್ವಲ್ಪ ಬಂದಿತ್ತು.

ಹೀಗೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಈಗ ಬಸ್ಸಿನಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆ. ಹಿಂದಿನಿಂದ ವಾಲಗ ಕೇಳುತ್ತಿತ್ತು. ಸಿರಾದಲ್ಲೊಂದು ಮದುವೆಯಂತೆ, ಈಗ ಇಬ್ಬರು ಹುಡುಗಿಯರು ಅವಳ ಜೊತೆ ಕ್ಯಾಮರಾ ಹಿಡಿಯುತ್ತಾರೆ.

"ನೀನು ಒರ್ಸಿದ್ ಮ್ಯಾಲೂ ಅದು ಓದ್ಲಿಲ್ಲ ಕಣ್ಲಾ. ನೀನು ಮಕ ಸಣ್ಣ ಮಾಡ್ಕಂಡು ಟೀ ಕುಡಿಯಾಕೆ ಹೋದೆ. ನಾನು ಸುಮ್ಕೆ ಒಂದ್ಸಲ ತೆಗ್ದು ಹಾಕ್ದೆ, ಅಷ್ಟೇಯ. ಫೋನ್ ಇಡು, ಮುಹೂರ್ತ ಬಂತು."

ಆ ಟೀ ನನಗೆ ನೆನಪೇ ಇಲ್ಲ. ಅವಳ ಮಾತು ನಿಜವಿರಬಹುದು, ಅವಳೂ ಜೋಡಿಸಿಕೊಂಡಿರಬಹುದು. ಬೊಟ್ಟು ಅಡ್ಡಬಂದಿತ್ತೋ, ದೂಳೋ, ಓರೆ ಪೆಟ್ಟಿಗೆಯೋ, ಅಳಿಯನ ಮುಡಿ ಕೆಲಸ ಮಾಡಿತೋ, ಅಂತೂ ಆ ಸೀಡಿ ಓದಿತು. ಯಾಕೆ ಓದಿತೆಂದು ನನಗೆ ಗೊತ್ತಿಲ್ಲ.