ಜುಮ್ರಾ ಗುಡಿಸದೆ ಬಿಟ್ಟ ಹತ್ತು ಹೆಜ್ಜೆ

ಬೆಳಗಿನ ಐದೂವರೆ. ಬೋಸ್ನಿಯಾದ ಈ ಕಣಿವೆಯ ತಳದಲ್ಲಿ ರಾಕಿತಾ ನದಿಗೆ ಇನ್ನೂ ಬಿಸಿಲು ತಾಗಿಲ್ಲ. ಎರಡನೇ ಸುರಂಗದ ಬಾಯಲ್ಲಿ ಜುಮ್ರಾ ಬಾಯ್ತರೆವಿಚ್ ಕಡ್ಡಿಪೊರಕೆ ಹಿಡಿದು, ರಾತ್ರಿ ಬಂಡೆಯಿಂದ ಉದುರಿದ ಚಕ್ಕೆಗಳನ್ನು ಗುಡಿಸುತ್ತಿದ್ದಾರೆ. ನಾಲ್ಕು ಸಲ ಪೊರಕೆ ಆಡಿಸುತ್ತಾರೆ, ಆಮೇಲೆ ಆ ಜಾಗದ ಮೇಲೆ ಮೆಲ್ಲಗೆ ನಡೆದು ನೋಡುತ್ತಾರೆ. ಕಾಲಲ್ಲಿ ಸವೆದು ತೆಳ್ಳಗಾದ ರಬ್ಬರ್ ಮೆಟ್ಟು. ಹೊಸದು ತಂದುಕೊಡುತ್ತೇನೆ ಅಂದರೆ ಬೇಡವಂತೆ. "ನನ್ನ ಅಂಗಾಲಿಗೆ ಚುಚ್ಚಿದ್ದು ಅವರ ಟೈರಿಗೂ ಚುಚ್ಚುತ್ತೆ. ದಪ್ಪ ಅಟ್ಟೆ ಹಾಕ್ಕೊಂಡ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?"

ಇದು ಹಳೇ ರೈಲುದಾರಿ. ಹಳಿ ಕಿತ್ತು ಐವತ್ತು ವರ್ಷವಾಯಿತು, ಈಗ ಜಲ್ಲಿ ಹಾಸಿ ಸೈಕಲ್ಲಿಗೆ ಬಿಟ್ಟಿದ್ದಾರೆ. ಅಣೆಕಟ್ಟಿನ ಕೆರೆಯಂಚಿನಿಂದ ಹೊರಟು, ಬೀಚ್ ಮರಗಳ ಕಾಡು ಹಾದು, ಈ ಕಣಿವೆ ಮುಗಿಯುವವರೆಗೆ ಹನ್ನೊಂದು ಕಿಲೋಮೀಟರ್, ಏಳು ಸುರಂಗ. ಎರಡೂ ತುದಿಗೆ ಬೀಗ ಹಾಕಿದ ಅಡ್ಡಗಂಬ. ಮೋಟಾರು ಅನ್ನುವುದು ಒಳಗೆ ಬರುವಂತಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇಷ್ಟನ್ನೂ ದಿನಾ ನೋಡಿಕೊಳ್ಳುವುದು ಅರವತ್ತೆರಡು ವರ್ಷದ ಈ ಒಬ್ಬ ಹೆಂಗಸು. ಸೇತುವೆಯ ಮೇಲಿನ ಎಣಿಕೆ ಪೆಟ್ಟಿಗೆಯ ಪ್ರಕಾರ ಹೋದ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಸೈಕಲ್ ಹೋಗಿವೆ. ಅಷ್ಟು ಜನರಲ್ಲಿ ಇವರ ಹೆಸರು ಬಲ್ಲವರು ಹತ್ತು ಮಂದಿ ಸಿಕ್ಕರೆ ಹೆಚ್ಚು. ಹದಿನೆಂಟು ವರ್ಷದಿಂದ ಕೆಳಗಿನ ಪೇಟೆಯಲ್ಲೇ ಬದುಕಿರುವ ನಾನು, ಆರು ಬೇಸಿಗೆ ಇಲ್ಲಿ ಸೈಕಲ್ ತುಳಿದಿದ್ದೇನೆ. ಕೈ ಎತ್ತಿ, ಹಾಗೇ ಹೋಗುತ್ತಿದ್ದೆ. ಮೂರು ವರ್ಷದ ಹಿಂದೆ ಪಂಕ್ಚರ್ ಆಗದಿದ್ದರೆ ಇವತ್ತಿಗೂ ಹಾಗೇ ಹೋಗುತ್ತಿದ್ದೆ. ನಾಚಿಕೆಗೇಡು.

ಜುಮ್ರಾ ಹುಟ್ಟಿದ್ದು ಎರಡನೇ ಸುರಂಗದ ಪಕ್ಕದ ಕಾವಲುಗಾರನ ಮನೆಯಲ್ಲಿ, ಈಗಲೂ ಇರುವುದು ಅಲ್ಲೇ. ಅಪ್ಪ ಹಳಿ ಕಾಯುತ್ತಿದ್ದವರು. ಆಗೆಲ್ಲ ರೈಲಿನ ಡ್ರೈವರು ಮನೆ ಮುಂದೆ ಗಾಡಿ ನಿಧಾನ ಮಾಡಿ, ಕಿಟಕಿಯಿಂದಲೇ ಕೈ ಚಾಚಿ ಕಾಫಿ ಇಸಿದುಕೊಂಡು, ಕಪ್ಪನ್ನು ಮರುದಿನ ವಾಪಸು ಕೊಡುತ್ತಿದ್ದನಂತೆ. ಇವರಿಗೆ ಹನ್ನೆರಡು ತುಂಬಿದಾಗ ರೈಲು ನಿಂತಿತು. ಗಂಡ ನಜೀಫ್ ಮರ ಕೊಯ್ಯುವ ಮಿಲ್ಲಿನಲ್ಲಿದ್ದವರು, ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಆದರೂ ಕಾಫಿಗೆ ಕೂತಾಗೆಲ್ಲ ತಟ್ಟೆಯಲ್ಲಿ ಎರಡು ಕಪ್ಪು. ಎರಡನೆಯದು ಯಾರೋ ಬಂದರೆ ಇರಲಿ ಅಂತ. ಬೋಸ್ನಿಯಾದ ಮನೆಗಳಲ್ಲಿ ಈ ಹೆಚ್ಚಿನ ಕಪ್ಪು ಇಡದೆ ಯಾರೂ ಕಾಫಿ ಬಗ್ಗಿಸುವುದಿಲ್ಲ. ಜುಮ್ರಾ ಆ ಕಪ್ಪನ್ನು ದಿನಾ ಇಡುತ್ತಾರೆ, ಮುಟ್ಟದೆ ಉಳಿದದ್ದನ್ನೂ ದಿನಾ ತೊಳೆಯುತ್ತಾರೆ.

"ಎಲ್ಲಾರ ಬೆನ್ನೂ ಪರಿಚಯ ನಂಗೆ," ಎನ್ನುತ್ತಾರೆ. "ದಾರಿ ಚೆನ್ನಾಗಿದ್ರೆ ಯಾರು ನಿಲ್ತಾರೆ ಹೇಳು?"

ಈ ಮಾತಿನ ಹಿಂದೆ ಇನ್ನೊಂದು ಮಾತಿತ್ತು. ಅದನ್ನು ಹೇಳುವ ಮೊದಲು ನಾನು ಯಾವ ಪತ್ರಿಕೆಗೆ, ಯಾವ ಭಾಷೆಯಲ್ಲಿ ಬರೆಯುತ್ತೇನೆಂದು ವಿಚಾರಿಸಿದರು. ಕನ್ನಡ ಅಂದೆ. ಇಲ್ಲಿ ಅದನ್ನು ಓದುವವರು ಯಾರಾದರೂ ಇದ್ದಾರಾ ಅಂತ ಕೇಳಿದರು. ನನ್ನ ಹೆಂಡತಿಗೂ ಬರುವುದಿಲ್ಲ ಅಂದಾಗ, ಹಾಗಾದರೆ ಸರಿ, ಬರೆದುಕೋ ಎಂದು ಪೊರಕೆ ಗೋಡೆಗೆ ಒರಗಿಸಿದರು. ಘಾಟಿ ಹೆಂಗಸು.

ಮೂರು ವರ್ಷದ ಹಿಂದಿನ ಆಗಸ್ಟ್‌ನಲ್ಲಿ ಅದಾಗಲೇ ನಲವತ್ತು ದಿನದಿಂದ ಅವರೊಂದಿಗೆ ಒಂದು ನರಪಿಳ್ಳೆಯೂ ಮಾತಾಡಿರಲಿಲ್ಲ. ಆಮೇಲೆ ಜ್ವರ ಬಂದು ಎರಡು ದಿನ ಗುಡಿಸಲಾಗಲಿಲ್ಲ. ಎರಡನೇ ದಿನ ಟೈರು ಹರಿದ ಇಬ್ಬರು ಸೈಕಲ್ ತಳ್ಳಿಕೊಂಡು ಬಂದು ಬಾಗಿಲು ತಟ್ಟಿದರು. ಎರಡು ಗಂಟೆ ಕೂತರು, ಕಾಫಿ ಕುಡಿದರು, ನಕ್ಕರು. ಜ್ವರ ಬಿಟ್ಟ ಮೇಲೆ ಜುಮ್ರಾ ದಾರಿಯನ್ನೆಲ್ಲ ಗುಡಿಸಿದರು, ಮನೆಯಿಂದ ಕೂಗಳತೆಯಲ್ಲಿ ಹತ್ತು ಹೆಜ್ಜೆ ಮಾತ್ರ ಬಿಟ್ಟರು. ಬೇಕಂತಲೇ. ಸೆಪ್ಟೆಂಬರ್ ತಿಂಗಳಲ್ಲಿ ಏಳು ಜನ ಅತಿಥಿಗಳು. ನಾಲ್ಕನೆಯವನು ನಾನು.

ನನಗೆ ಮೈ ಉರಿಯಿತು. ಅವತ್ತು ಎರಡು ಟ್ಯೂಬು ಹಾಳಾಗಿದ್ದವು. ಮರುಗಳಿಗೆಗೆ ಅವತ್ತಿನ ಕಾಫಿ, ಅವರು ಕೆದಕಿ ಕೆದಕಿ ಕೇಳಿದ ನಮ್ಮೂರಿನ ಸುದ್ದಿ, ಹೊರಡುವಾಗ ಜೇಬಿಗೆ ತುರುಕಿದ ವಾಲ್‌ನಟ್ ನೆನಪಾದವು. ಬೈಯಲಾಗಲಿಲ್ಲ.

ಎಂಟನೆಯವರು ವೆದ್ರನ್. ಝಾಗ್ರೆಬ್‌ನಲ್ಲಿ ಶಾಲೆಯ ಮೇಷ್ಟ್ರು. ವೇಗದಲ್ಲಿದ್ದರು, ಮುಂದಿನ ಟೈರು ಒಡೆದು ಬಂಡೆಗೆ ಬಡಿದರು. ಕೊರಳೆಲುಬು ಮುರಿಯಿತು, ಕಾಲು ಉಳುಕಿತು. ಆಂಬುಲೆನ್ಸ್ ಒಳಗೆ ಬರುವಂತಿಲ್ಲವಲ್ಲ. ಜುಮ್ರಾ ತಲೆವಸ್ತ್ರ ಬಿಚ್ಚಿ ಅವರ ತೋಳು ಕಟ್ಟಿ, ಕಲ್ಲು ಸಾಗಿಸುವ ಕೈಗಾಡಿಯಲ್ಲಿ ಕೂರಿಸಿ, ನಾಲ್ಕು ಕಿಲೋಮೀಟರ್ ತಳ್ಳಿದರು. ಅಡ್ಡಗಂಬದ ಹತ್ತಿರ ವೆದ್ರನ್ ಜುಮ್ರಾರ ಕೈಗೆ ಮುತ್ತಿಟ್ಟು, ನೀವಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಅಂದರಂತೆ. ಅವತ್ತಿನಿಂದ ಪ್ರತಿ ಹಬ್ಬಕ್ಕೂ ಕಾರ್ಡು ಬರುತ್ತದೆ. ಜುಮ್ರಾ ಒಂದಕ್ಕೂ ಉತ್ತರ ಬರೆದಿಲ್ಲ. ಅವತ್ತಿನಿಂದ ಒಂದು ಚಕ್ಕೆಯನ್ನೂ ದಾರಿಯಲ್ಲಿ ಬಿಟ್ಟಿಲ್ಲ. ಮೂರು ವರ್ಷದಲ್ಲಿ ಈ ಹನ್ನೊಂದು ಕಿಲೋಮೀಟರಿನಲ್ಲಿ ಒಂದೇ ಒಂದು ಪಂಕ್ಚರ್ ಇಲ್ಲ. ಆ ಬಾಗಿಲನ್ನು ತಟ್ಟುವವನು ನಾನೊಬ್ಬನೇ.

ಈಗ ಅವರ ಏಪ್ರನ್ ಜೇಬಿನಲ್ಲಿ ಒಂದು ಪತ್ರವಿದೆ. ಶನಿವಾರ ಹೆಂಡತಿ ನೆವೆಂಕಾ ಜೊತೆ ಸೈಕಲ್ಲಿನಲ್ಲೇ ಬರುತ್ತೇನೆ, ನಿಮ್ಮ ಕೈಯ ಕಾಫಿ ಕುಡಿಯಬೇಕು ಅಂತ ವೆದ್ರನ್ ಬರೆದಿದ್ದಾರೆ. ನಿಮ್ಮ ಆಸೆ ಏನು ಎಂದು ನಾನು ಕೇಳಿದ ಪ್ರಶ್ನೆಗೂ ಜುಮ್ರಾ ಆ ಜೇಬನ್ನೇ ಮುಟ್ಟಿಕೊಂಡರು. "ಟೈರು ಹೋಗದೇನೆ ಒಬ್ಬರು ನಿಲ್ಲಲಿ ಅನ್ನೋದೇ ಆಸೆ. ಈಗ ಅವನು ಬರ್ತಿದಾನೆ. ಸುಮ್ನೆ ಇದ್ದುಬಿಟ್ರೆ ವರ್ಷಾ ವರ್ಷಾ ಬರ್ತಾನೆ." ಹೇಳಬೇಡಿ, ಯಾರಿಗೆ ಗೊತ್ತಾಗುತ್ತೆ ಅಂದೆ. ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಅವರು ಪೊರಕೆ ಎತ್ತಿಕೊಂಡು ಮತ್ತೆ ಗುಡಿಸಲು ಹೋದರು.

ಶನಿವಾರ ನಾನೂ ಅಲ್ಲಿದ್ದೆ. ಹನ್ನೊಂದು ಗಂಟೆಗೆ ಇಬ್ಬರೂ ಬಂದರು, ಸೈಕಲ್ ಒರಗಿಸಿ ನಗುತ್ತ ಒಳಗೆ ಕಾಲಿಟ್ಟರು. ಜುಮ್ರಾ ಹೊಸ ತಲೆವಸ್ತ್ರ ಕಟ್ಟಿದ್ದರು. ತಾಮ್ರದ ತಟ್ಟೆಯಲ್ಲಿ ಐದು ಕಪ್ಪು, ಸಕ್ಕರೆ ಅಚ್ಚು. ಕಾಫಿ ಉಕ್ಕಿ ಬಂದರೂ ಬಗ್ಗಿಸಲಿಲ್ಲ. ಕುಡಿಸಿ ಆಮೇಲೆ ಹೇಳಿದರೆ ಅದು ಇನ್ನೊಂದು ಮೋಸ ಅಂತ ಆಮೇಲೆ ನನಗೆ ವಿವರಿಸಿದರು. ನಿಂತುಕೊಂಡೇ ಎಲ್ಲ ಹೇಳಿದರು. ಜ್ವರದ ದಿನ, ಹತ್ತು ಹೆಜ್ಜೆ, ಏಳು ಜನ. ಅಳಲಿಲ್ಲ, ಕ್ಷಮಿಸು ಅನ್ನುವುದನ್ನು ಒಮ್ಮೆ ಮಾತ್ರ ಹೇಳಿದರು.

ವೆದ್ರನ್ ತಮ್ಮ ಕೊರಳೆಲುಬಿನ ಮೇಲೆ ಕೈಯಿಟ್ಟುಕೊಂಡರು. "ಮೂರು ವರ್ಷ ಎಲ್ಲಾರ ಹತ್ರ ನಿಮ್ಮ ಹೆಸರು ಹೇಳ್ಕೊಂಡು ತಿರುಗಿದೀನಿ," ಎಂದರು. ಎದ್ದು ಹೆಲ್ಮೆಟ್ ಹಾಕಿಕೊಂಡರು. ನೆವೆಂಕಾ ಹೊಸ್ತಿಲಲ್ಲಿ ಒಂದು ಕ್ಷಣ ತಡೆದು, ಗಂಡನ ಹಿಂದೆ ಹೋದರು.

ನಾನು ಏನಾದರೂ ಹೇಳಲು ಬಾಯಿ ತೆರೆದೆ. ಜುಮ್ರಾ ಸುಮ್ಮನಿರು ಎಂದು ಕೈ ತೋರಿಸಿ, ಬಾಗಿಲಿಗೆ ಬಂದು ಕಿವಿಗೊಟ್ಟು ನಿಂತರು. ಜಲ್ಲಿಯ ಮೇಲೆ ಗಾಲಿಗಳ ಸದ್ದು ಆ ಹತ್ತು ಹೆಜ್ಜೆಯನ್ನು ದಾಟಿತು, ಸುರಂಗದೊಳಗೆ ಹೋಯಿತು, ಆಚೆ ಕಡೆಯಿಂದ ಸಣ್ಣಗೆ ಕೇಳಿ ಕರಗಿಹೋಯಿತು.

"ಕೇಳಿದ್ಯಾ?" ಎಂದರು ನನ್ನ ಕಡೆ ತಿರುಗಿ. "ಗಾಲಿ ಎಲ್ಲೂ ತಡೀಲಿಲ್ಲ."